ಉದ್ರಿ

ಕಫ್ ಪರೇಡಿನ ಹದಿನೇಳನೇ ಮಹಡಿಯಲ್ಲಿ
ಸಮುದ್ರಕ್ಕೆ ಬೆನ್ನು ಹಾಕಿದೆ ನನ್ನ ಮೇಜು.
ಕಡತ ತೆಳ್ಳಗಿದೆ. ಒಂದು ದೇಶದ ಸಾಲ:
ಹನ್ನೊಂದು ಹಾಳೆ, ಒಂದು ಕೆಂಪು ದಾರ,
ಕೊನೆಗೆ ನನ್ನ ಟಿಪ್ಪಣಿಗೆ ನಾಲ್ಕು ಬೆರಳು ಜಾಗ.

ಸಾಲದ ದುಡ್ಡು ಹಡಗು ಹತ್ತಿದ್ದೇ ಇಲ್ಲ, ಕೇಳಿ.
ಇದೇ ಕಟ್ಟಡದಿಂದ ಹೊರಟು, ಘಾಟಿ ಹತ್ತಿ
ಭೋಸರಿಗೆ ಹೋಯಿತು, ಪಂಪು ಮಾಡುವವನ ಖಾತೆಗೆ.
ಹಡಗು ಹತ್ತಿದ್ದು ಪಂಪು.
ಅಲ್ಲಿಯ ನದಿ ಕೆಸರಿನದು, ಪಂಪು ತಿಳಿನೀರಿನದು.
ಎರಡು ಮಳೆಗಾಲಕ್ಕೆ ತುಕ್ಕು.
ಬಡ್ಡಿಗೆ ಎಲ್ಲಿಯ ತುಕ್ಕು!
ಪಂಪಿನ ಧಣಿ ಮೊನ್ನೆ ಟಿವಿಯಲ್ಲಿ ಗುಡುಗಿದ:
"ತೆರಿಗೆ ಕಟ್ಟುವವನ ಬೆವರನ್ನು
ಪರದೇಶಕ್ಕೆ ಧಾರೆ ಎರೆಯುವುದೇ?"
ಅವನ ಬಿಲ್ಲು ಪೈಸೆ ಬಾಕಿಯಿಲ್ಲದೆ ಚುಕ್ತಾ ಆದ ರಸೀದಿ
ಆರನೇ ಹಾಳೆಯಲ್ಲಿದೆ.

ಆ ದೇಶದ ಖಜಾನೆಯಿಂದ ಬಂದ ಹೆಂಗಸು
ಚಹಾ ತಣ್ಣಗಾಗಲು ಬಿಟ್ಟು ಒಂದೇ ಒಂದು ಕೇಳಿದಳು:
"ಪತ್ರದಲ್ಲಿ ಕ್ಷಮೆ ಎಂಬ ಮಾತು ಬೇಡ.
ನಾವೇನು ತಪ್ಪು ಮಾಡಿದ್ದೇವೆ?"
ನಾನು ಪದಕ್ಕೆ ತಡಕಾಡಿದೆ.
ನಮ್ಮ ಮಾತಿನಲ್ಲಿ ಮನ್ನಿಸು ಅಂದರೆ ಕ್ಷಮಿಸು,
ಮನ್ನಿಸು ಅಂದರೆ ಗೌರವಿಸು ಕೂಡ.
ಅವಳಿಗದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?
ಹೇಳಲಿಲ್ಲ. ಬಿಸ್ಕತ್ತಿನ ತಟ್ಟೆ ಮುಂದಕ್ಕೆ ಸರಿಸಿದೆ.

ಮಧ್ಯಾಹ್ನ ದಿಲ್ಲಿಯ ಫೋನು:
ಘೋಷಣೆ ಚುನಾವಣೆಗೆ ಮುಂಚೆಯೋ ಆಮೇಲೋ, ತಿಳಿಸುತ್ತೇವೆ.
ಮೊತ್ತ ರೂಪಾಯಿಯಲ್ಲಿ ಬೇಡ, ಡಾಲರಿನಲ್ಲಿ ಹಾಕಿ,
ಸಣ್ಣದಾಗಿ ಕಾಣುತ್ತದೆ.
ಬಂದರಿನ ವಿಷಯ? ಅದು ಬೇರೆ ಕಡತ.

ಸಂಜೆ ಕರಿ ರೋಡಿನಲ್ಲಿ ಇಳಿದರೆ
ಸೇತುವೆಯ ಕಟಕಟೆಗೆ ಎರಡು ಫ್ಲೆಕ್ಸು.
"ಜಗದ ಬಡವರ ಕೈ ಹಿಡಿದ ನಾಯಕರಿಗೆ ಅಭಿನಂದನೆ."
"ಪರದೇಶಕ್ಕೆ ಮನ್ನಾ, ಗಿರಣಿ ಕಾರ್ಮಿಕನಿಗೆ ಸೊನ್ನಾ!"
ಎರಡರ ಮೂಲೆಯಲ್ಲೂ ಒಂದೇ ಮೊಬೈಲ್ ನಂಬರು,
ನಮ್ಮ ಚಾಳಿನ ಸುಯೋಗ ಪೆಡಣೇಕರನದು.
"ಯಾರು ಯಾರಿಗೆ ಬೇಕಾದರೂ ಬಿಡಲಿ, ಮಾವಶಿ,
ಈ ಎರಡೂ ಪಕ್ಷದವರು
ಹೋದ ಚುನಾವಣೆಯದ್ದೇ ನನಗಿನ್ನೂ ಕೊಟ್ಟಿಲ್ಲ."

ಅವನಜ್ಜಿ ಅನಸೂಯಾಬಾಯಿ ಖಾನಾವಳಿ ನಡೆಸಿದವಳು.
ಮುಷ್ಕರದ ವರ್ಷ ನಲವತ್ತು ಗಂಡಸರಿಗೆ
ಭಾಕರಿ, ಒಣಮೀನಿನ ಸಾರು, ಎಲ್ಲ ಉದ್ರಿ.
ಮನೆಯೊಳಗೇ ಪಕ್ಷಗಳಾದವು.
ಗಂಡ ಬೈದ. ಅತ್ತೆ ಮೂರು ದಿನ ಮಾತು ಬಿಟ್ಟಳು.
ಮಂಗಳಸೂತ್ರದ ಎರಡು ಬಟ್ಟಲಲ್ಲಿ ಒಂದು
ದಾದರಿನ ಪೇಢಿ ಸೇರಿದ ದಿನ ಮೈದುನ ಹೇಳಿದ:
"ಕೊಂಕಣದವರಿಗೆ ಹಾಕು, ನಮ್ಮವರು.
ಆ ಕಾನಡಿಗೆ ಯಾಕೆ?"

ಆ ಕಾನಡಿ ನನ್ನಪ್ಪ.
ಮಗ್ಗದ ಖಾತೆಯ ರುಕ್ಕಯ್ಯ ದೇವಾಡಿಗ,
ಬಾಕಿ ಇನ್ನೂರಾ ಹನ್ನೆರಡು ರೂಪಾಯಿ.
ಒಂಬತ್ತು ವರ್ಷದ ಮೇಲೆ ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದಾಗ
ಆಕೆ ಎರಡು ಸಲ ಎಣಿಸಿ, ನೂರಾ ಆರು ತೆಗೆದುಕೊಂಡು
ಉಳಿದದ್ದನ್ನು ಮತ್ತೆ ಗಂಟು ಹಾಕಿದಳಂತೆ.
"ಆಗ ಸಾರು ಬರೀ ನೀರಾಗಿತ್ತಲ್ಲ ರುಕ್ಕಯ್ಯ,
ನೀನು ಉಂಡೆ, ಏನೂ ಅನ್ನಲಿಲ್ಲ.
ನೀರಿಗೆಲ್ಲ ನಾನು ದುಡ್ಡು ತಗೊಳ್ಳೋದಿಲ್ಲ."
ಅಪ್ಪ ಇದನ್ನು ಹೇಳುವಾಗಲೆಲ್ಲ
ಇಲ್ಲಿಗೇ ನಿಲ್ಲಿಸಿ ಬೀಡಿ ಹುಡುಕುತ್ತಿದ್ದ.

ಮರುದಿನ, ನಾಲ್ಕು ಬೆರಳು ಜಾಗದಲ್ಲಿ ಬರೆದೆ:
ಪಂಪು ಆ ನದಿಗೆ ತಕ್ಕದ್ದಾಗಿರಲಿಲ್ಲ.

ಮೇಲಿನವರು ಹಸಿರು ಶಾಯಿಯಲ್ಲಿ ಗೆರೆ ಎಳೆದು
ಪಕ್ಕದಲ್ಲಿ ತಿದ್ದಿದರು: "ಔದಾರ್ಯದಿಂದ" ಎಂದು ಓದಿಕೊಳ್ಳುವುದು.
ಕಡತ ಇಳಿದು ಬಂತು, ಮತ್ತೆ ಏರಿ ಹೋಯಿತು.
ಶಾಯಿ ತೆಳು. ಗೆರೆಯ ಕೆಳಗಿನ ಸಾಲು
ಬೆಳಕಿಗೆ ಹಿಡಿದರೆ ಇನ್ನೂ ಓದಲು ಬರುತ್ತದೆ.